ಹೊಳೆಯ ಮೇಲೊಂದು ನೂಲು

“ಕೋಲನ್ನು ಹುಲ್ಲಿನ ಮೇಲಿಡಿ, ಈಗ ಅದರಿಂದ ಆಗಬೇಕಾದ ಕೆಲಸ ಏನೂ ಇಲ್ಲ” ಎಂದು ನನ್ನ ಮಾರ್ಗದರ್ಶಕನು ಹೇಳಿದಾಗ ಬೆಳಗಿನ ಏಳು ಗಂಟೆಯಾಗಿದ್ದಿತು. ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿ, ಗುಶೈನಿ ಎಂಬ ಪುಟ್ಟ ಊರಿನ ಕೆಳಗೆ, ತೀರ್ಥನ್ ಹೊಳೆಯ ದಂಡೆಯಲ್ಲಿ, ಸೆಪ್ಟೆಂಬರ್ ತಿಂಗಳ ಕೊನೆಯ ವಾರದ ಎಳೆಬಿಸಿಲು ಎದುರು ಬೆಟ್ಟದ ದೇವದಾರುಗಳ ನೆತ್ತಿಯನ್ನು ಮಾತ್ರ ಮುಟ್ಟಿ, ನೀರಿಗೆ ಇನ್ನೂ ಇಳಿಯದೆ ಇದ್ದ ಹೊತ್ತು ಅದು. ಬೆಂಗಳೂರಿನಿಂದ ದಿಲ್ಲಿಗೆ, ದಿಲ್ಲಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಔಟ್ ಎಂಬಲ್ಲಿಗೆ, ಅಲ್ಲಿಂದ ಲಾರ್ಜಿ, ಬಂಜಾರ್‌ಗಳ ಮಾರ್ಗವಾಗಿ ಈ ಕಣಿವೆಗೆ ನಾನು ಬಂದದ್ದು, ಟ್ರೌಟ್ ಎಂಬ ಮೀನನ್ನು ಕೃತಕ ನೊಣದಿಂದ ಹಿಡಿಯುವ ವಿದ್ಯೆಯಲ್ಲಿ ನನಗೆ ತಿಳಿಯದೆ ಉಳಿದಿದ್ದ ಕೆಲವು ವಿಧಾನಗಳನ್ನು ಕಲಿಯಬೇಕೆಂಬ ಒಂದೇ ಉದ್ದೇಶದಿಂದ. ಮೂರು ದಿನಗಳಿಗೆ ಮೀನುಗಾರಿಕೆ ಇಲಾಖೆಯ ಪರವಾನಿಗೆ ಕಿಸೆಯಲ್ಲಿದ್ದಿತು, ಕೋಲು ಜೋಡಿಸಿ ಸಿದ್ಧವಾಗಿದ್ದಿತು, ಕೈ ತವಕಿಸುತ್ತಿದ್ದಿತು. ಆದರೂ ಆ ತರುಣನ ಮಾತಿನಲ್ಲಿ ಆಜ್ಞೆಗಿಂತ ಹೆಚ್ಚಾಗಿ ಒಂದು ನಿಶ್ಚಿಂತತೆ ಇದ್ದುದರಿಂದ ನಾನು ಕೋಲನ್ನು ಕೆಳಗಿಟ್ಟೆನು.

ಗಾಳವೆಂಬುದು ನನಗೆ ಹೊಸದಲ್ಲ. ತುಂಗೆಯ ದಂಡೆಯ ಒಂದು ಹಳ್ಳಿಯಲ್ಲಿ ಬೆಳೆದವನು ನಾನು. ಶೃಂಗೇರಿಯ ಸೋಪಾನಗಳ ಮೇಲೆ ಕುಳಿತು, ಭಕ್ತರು ಎರಚಿದ ಮಂಡಕ್ಕಿಗಾಗಿ ಒಂದರ ಮೇಲೊಂದು ಹೊರಳುವ ಆ ದೊಡ್ಡ ಮೀನುಗಳನ್ನು, ಯಾರೂ ಮುಟ್ಟಬಾರದೆಂಬ ಕಟ್ಟಳೆಯ ನೆರಳಿನಲ್ಲಿ ನಿರ್ಭಯವಾಗಿ ಬಾಳುವ ಆ ಜೀವಗಳನ್ನು, ಗಂಟೆಗಟ್ಟಲೆ ನೋಡಿದ್ದೇನೆ; ಬೇರೆ ಮಡುಗಳ ಬಳಿ ಬಿದಿರಿನ ಕೋಲಿಗೆ ಎರೆಹುಳು ಕಟ್ಟಿ ಸಂಜೆಯವರೆಗೆ ಕದಲದೆ ಕೂರುತ್ತಿದ್ದವರನ್ನೂ ನೋಡಿದ್ದೇನೆ. ಕನ್ನಡನಾಡಿಗೆ ಈ ವಿನೋದ ಹಳೆಯದು: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕಾಗಿಯೇ ಒಂದು ಪ್ರಕರಣವಿದ್ದು, ಮೀನಿನ ಜಾತಿಗಳು, ಅವುಗಳಿಗೆ ಒಡ್ಡತಕ್ಕ ಆಹಾರ, ಕೋಲು, ನೂಲು ಎಲ್ಲವೂ ಅಲ್ಲಿ ವಿಚಾರಕ್ಕೆ ಬರುತ್ತವೆ. ಆಂಗ್ಲರ ಕಾಲದಲ್ಲಿ ಈ ದೇಶದ ಗಾಳಗಾರಿಕೆಯನ್ನು ಕುರಿತು ಹೆನ್ರಿ ಸಲಿವನ್ ಥಾಮಸನು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವೂ ೧೮೭೩ರಲ್ಲಿ ಮೊದಲು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿಯೇ. ಆದರೆ ಈ ಎಲ್ಲದರಲ್ಲಿಯೂ ಮೀನಿಗೆ ಒಡ್ಡುವುದು ಬಹುಮಟ್ಟಿಗೆ ಹಿಟ್ಟು, ಹುಳು, ಚಿಕ್ಕ ಮೀನು ಮೊದಲಾದ ತಿನ್ನತಕ್ಕ ವಸ್ತು. ಹಕ್ಕಿಯ ಗರಿಯನ್ನೂ ಮೊಲದ ರೋಮವನ್ನೂ ಒಂದು ಕೊಕ್ಕೆಗೆ ಸುತ್ತಿ, ತಿನ್ನಲು ಬಾರದ ಆ ವಸ್ತುವನ್ನು ಕೀಟವೆಂದು ಮೀನು ನಂಬುವಂತೆ ನಡೆಸುವ ಕಲೆಯನ್ನು ನಾನು ಕಲಿಯತೊಡಗಿದ್ದು ನಡುವಯಸ್ಸು ದಾಟಿದ ಮೇಲೆ, ಹಿರಿಯ ಮಿತ್ರರೊಬ್ಬರ ಮನೆಯ ಹಿತ್ತಿಲಿನ ಹುಲ್ಲುಹಾಸಿನ ಮೇಲೆ. ಅವರು ಕಲಿಸಿದ್ದು ನೀರಿನ ಮೇಲೆ ತೇಲುವ ನೊಣದ ವಿದ್ಯೆಯನ್ನು ಮಾತ್ರ. ಅದನ್ನೇ ನಾನು ಹತ್ತು ವರ್ಷ ಇಡಿಯ ವಿದ್ಯೆಯೆಂದು ನಂಬಿಕೊಂಡಿದ್ದೆನು.

ಟ್ರೌಟ್ ಹಿಮಾಲಯದ ಹುಟ್ಟುಮೀನಲ್ಲ. ಯೂರೋಪಿನ ತಣ್ಣೀರಿನ ಸಂತಾನ. ೧೮೬೩ರಲ್ಲಿ ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞನು ಅದನ್ನು ಇಂಗ್ಲೆಂಡಿನಿಂದ ನೀಲಗಿರಿಗೆ ತರಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಕಾಶ್ಮೀರಕ್ಕೆ ಬಂದ ಮೊದಲ ಮೊಟ್ಟೆಗಳು ದಾರಿಯಲ್ಲಿಯೇ ನಾಶವಾಗಿ, ೧೯೦೦ರಲ್ಲಿ ಸ್ಕಾಟ್ಲೆಂಡಿನಿಂದ ಬಂದವು ಬದುಕಿಕೊಂಡವು; ಆ ವಂಶದ ಮೊಟ್ಟೆಗಳೇ ೧೯೦೯ರಲ್ಲಿ ಕುಲ್ಲುವಿಗೆ, ಕಟ್ರಾಯಿನ್ ಸಮೀಪದ ಮಹಿಲಿ ಎಂಬಲ್ಲಿಗೆ ಬಂದು ಅಲ್ಲಿಂದ ಈ ಕಣಿವೆಗಳ ಹೊಳೆಗಳಲ್ಲಿ ಹರಡಿದವು. ನೀರು ೨೦ ಡಿಗ್ರಿ ಸೆಲ್ಸಿಯಸ್‌ನ ಮೇಲೆ ಕಾದರೆ ಈ ಮೀನು ಬಳಲುತ್ತದೆ. ಅದಕ್ಕೆ ಬೇಕಾದುದು ಬಂಡೆಗಳ ನಡುವೆ ಮುರಿದು, ನೊರೆಯಾಗಿ, ಪ್ರಾಣವಾಯುವನ್ನು ಹೀರಿಕೊಂಡು ಹರಿಯುವ ಶೀತಲಜಲ. ತೀರ್ಥನ್ ಅಂತಹ ಹೊಳೆ. ಅದು ಇಂದಿಗೂ ಹಾಗೆಯೇ ಇರುವುದಕ್ಕೆ ಕಾರಣ ಈ ಕಣಿವೆಯ ಜನರು: ಜಲವಿದ್ಯುತ್ ಯೋಜನೆಗಳು ಈ ನೀರನ್ನು ಕೊಳವೆಗಳೊಳಗೆ ಹೊಗಿಸದಂತೆ ಅವರು ಬಹುಕಾಲ ಹೋರಾಡಿ, ಗೆದ್ದು, ತಮ್ಮ ಹೊಳೆಯನ್ನು ಹರಿಯುವ ಹೊಳೆಯಾಗಿಯೇ ಉಳಿಸಿಕೊಂಡರು. ಆ ಗೆಲವಿನ ಬೆಲೆ ನನಗೆ ಮೂರನೆಯ ದಿನದ ಹೊತ್ತಿಗೆ ಚೆನ್ನಾಗಿ ಗೊತ್ತಾಯಿತು, ಏಕೆಂದರೆ ನಾನು ಅಲ್ಲಿ ಕಲಿತದ್ದೆಲ್ಲವೂ ಹರಿವಿನ ಪಾಠವೇ.

ಕೋಲನ್ನು ಕೆಳಗಿಡಿಸಿದವನು ನೀರಿಗಿಳಿದು, ತೆಂಗಿನಕಾಯಿ ಗಾತ್ರದ ಒಂದು ಕಲ್ಲನ್ನು ಎರಡು ಕೈಗಳಿಂದ ಎತ್ತಿ, ಮಗುಚಿ ನನ್ನ ಮುಂದೆ ಹಿಡಿದನು. ಬರಿಯ ಕಲ್ಲೆಂದು ತೋರುವ ಅದರ ಹೊಟ್ಟೆಯ ಮೇಲೆ, ಕಣ್ಣು ಹೊಂದಿಕೊಂಡ ಮೇಲೆ, ಒಂದು ಲೋಕವೇ ಹರಿದಾಡತೊಡಗಿತು: ಮೂರು ಬಾಲದೆಳೆಗಳನ್ನು ಬೀಸುತ್ತ, ಒಡಲಿನ ಎರಡು ಪಕ್ಕಗಳಲ್ಲಿ ಕಿವಿರುಗಳನ್ನು ಮಿಡಿಯುತ್ತ ಓಡುವ ಮೇಫ್ಲೈ ಮರಿ, ಎರಡೇ ಬಾಲದ, ಗಟ್ಟಿ ಮೈಯ ಸ್ಟೋನ್‌ಫ್ಲೈ ಮರಿ, ಮರಳಿನ ಕಣಗಳನ್ನು ತನ್ನ ಬಾಯಿನೂಲಿನಿಂದಲೇ ಬೆಸೆದು ಕೊಳವೆಯಂತಹ ಮನೆಯನ್ನು ಕಟ್ಟಿ, ಅದನ್ನು ಹೊತ್ತುಕೊಂಡೇ ತೆವಳುವ ಕ್ಯಾಡಿಸ್ ಹುಳು. ಆಕಾಶದಲ್ಲಿ ಒಂದೆರಡು ದಿನ ಮಾತ್ರ ರೆಕ್ಕೆ ಬಿಚ್ಚಿ ಹಾರಿ, ಮೊಟ್ಟೆಯಿಟ್ಟು ಸಾಯುವ ಮೇಫ್ಲೈ, ಅದಕ್ಕೆ ಮೊದಲು ಹಲವು ತಿಂಗಳು, ಎಷ್ಟೋ ಜಾತಿಗಳಲ್ಲಿ ವರ್ಷಪೂರ್ತಿ, ಹೀಗೆ ಕಲ್ಲಿನ ಅಡಿಯಲ್ಲಿ ಬದುಕಿರುತ್ತದೆ. “ನೀವು ಹತ್ತು ವರ್ಷ ಆ ಎರಡು ದಿನಗಳ ಹುಳುವನ್ನು ಕಟ್ಟಿ ಎಸೆದಿದ್ದೀರಿ, ಮೀನು ಉಳಿದ ದಿನಗಳಲ್ಲೆಲ್ಲ ತಿನ್ನುವುದು ಇದನ್ನು” ಎಂದನು ಅವನು. ಹಾಗೆಂದು ಕಲ್ಲನ್ನು ಮೊದಲಿದ್ದ ಕುಳಿಯಲ್ಲಿಯೇ, ಮೊದಲಿದ್ದ ಮಗ್ಗುಲಾಗಿಯೇ ಇಟ್ಟನು. ಆ ಮೂರು ದಿನಗಳಲ್ಲಿ ಅವನು ಎತ್ತಿದ ಕಲ್ಲುಗಳು ಇಪ್ಪತ್ತಾದರೂ ಇರಬಹುದು; ಒಂದನ್ನೂ ಅವನು ಸುಮ್ಮನೆ ನೀರಿಗೆ ಬಿಟ್ಟುದನ್ನು ನಾನು ಕಾಣಲಿಲ್ಲ.

ಆಮೇಲೆ ನಾವು ಒಂದು ಬಂಡೆಯ ಮರೆಯಲ್ಲಿ ಕುಳಿತು ನೀರನ್ನು ನೋಡಿದೆವು. ಬರಿದೆ ನೋಡುವುದೆಂದರೆ ಅರ್ಧ ಗಂಟೆ. ಹರಿವಿಗೆ ಎದುರಾಗಿ ಮೂಗನ್ನಿಟ್ಟು ನಿಲ್ಲುವುದು ಟ್ರೌಟಿನ ಸ್ವಭಾವ. ಬಂಡೆಯ ಮುಂದೆ ನೀರು ಒತ್ತಿಕೊಂಡು ನಿಧಾನವಾಗುವ ದಿಂಬಿನಂತಹ ಜಾಗದಲ್ಲಿ, ಬಂಡೆಯ ಹಿಂದಿನ ನಿಶ್ಚಲತೆಯಲ್ಲಿ, ವೇಗದ ನೀರೂ ಮಂದವಾದ ನೀರೂ ಅಂಚು ಕೂಡುವ ಆ ಹೊಲಿಗೆಯ ಗೆರೆಯ ಉದ್ದಕ್ಕೆ, ಹೆಚ್ಚು ಶ್ರಮವಿಲ್ಲದೆ ನಿಂತು, ಪಕ್ಕದ ಓಟದ ನೀರು ಹೊತ್ತು ತರುವ ಆಹಾರವನ್ನು ಒಂದು ಸಣ್ಣ ಓರೆಚಲನೆಯಿಂದ ಆರಿಸಿಕೊಳ್ಳುತ್ತದೆ. ಅದು ನಮ್ಮನ್ನು ಕಾಣುವ ಕ್ರಮವನ್ನೂ ಅವನು ವಿವರಿಸಿದನು. ಶಾಲೆಯಲ್ಲಿ ಬೆಳಕಿನ ವಕ್ರೀಭವನವೆಂದು ಓದಿ ಮರೆತಿದ್ದ ಪಾಠ ನನಗೆ ಅಲ್ಲಿ ಮರಳಿ ದೊರೆಯಿತು. ನೀರಿನೊಳಗಿನ ಕಣ್ಣಿಗೆ ಮೇಲಿನ ಪ್ರಪಂಚವೆಲ್ಲವೂ ಸುಮಾರು ೯೭ ಡಿಗ್ರಿ ಅಗಲದ ಒಂದು ದುಂಡು ಗವಾಕ್ಷಿಯೊಳಗೆ ಕುಗ್ಗಿ ಕಾಣುತ್ತದೆ; ಆ ಗವಾಕ್ಷಿಯ ಆಚೆ ನೀರಿನ ಮೇಲ್ಮೈ ಬರಿಯ ಕನ್ನಡಿ, ಅದರಲ್ಲಿ ಹೊಳೆಯ ತಳವೇ ಪ್ರತಿಬಿಂಬಿಸಿರುತ್ತದೆ. ದಿಗಂತದ ಸಮೀಪದಲ್ಲಿರುವುದೆಲ್ಲ ಆ ಗವಾಕ್ಷಿಯ ಅಂಚಿನಲ್ಲಿ ಹಿಂಡಿ ಹೋಗುವುದರಿಂದ, ಹಿಂದಿನಿಂದ, ಬಾಗಿ, ದೂರದಲ್ಲಿ ಬರುವವನು ಮೀನಿಗೆ ಬಹುಮಟ್ಟಿಗೆ ಅದೃಶ್ಯನು; ಎದ್ದು ನಿಂತು ತೋಳು ಬೀಸುವವನು ಆಕಾಶವನ್ನೇ ತುಂಬಿದ ಭೂತ. ಹತ್ತು ವರ್ಷ ನಾನು ಹೊಳೆಯನ್ನು ನನ್ನ ಕಡೆಯಿಂದ ನೋಡಿದ್ದೆನು; ಮೀನಿನ ಕಡೆಯಿಂದ ನೋಡಿದ್ದು ಅಂದು ಬೆಳಿಗ್ಗೆ.

ಇನ್ನು ನೂಲಿನ ವಿಷಯ. ಈ ಕಲೆಯ ಮರ್ಮವೆಲ್ಲವೂ ಇಲ್ಲಿದೆ ಎಂದು ಈಗ ನನ್ನ ದೃಢವಾದ ನಂಬಿಕೆ. ಸಾಮಾನ್ಯವಾದ ಗಾಳದಲ್ಲಿ ತುದಿಯ ಸೀಸದ ಗುಂಡು ಭಾರವಾಗಿದ್ದು, ಅದು ಮುಂದೆ ಹಾರಿ ಹಗುರವಾದ ನೂಲನ್ನು ಎಳೆದುಕೊಂಡು ಹೋಗುತ್ತದೆ. ಗರಿಯ ನೊಣಕ್ಕೆ ಭಾರವೆಂಬುದೇ ಇಲ್ಲ. ಊದಿದರೆ ಹಾರುವ ಅದನ್ನು ಹತ್ತು ಮಾರು ದೂರಕ್ಕೆ ಎಸೆಯುವ ಬಗೆ ಹೇಗೆ? ನೂಲಿಗೇ ದಪ್ಪವನ್ನೂ ತೂಕವನ್ನೂ ಕೊಟ್ಟು, ನೂಲನ್ನೇ ಎಸೆಯುವುದು. ಹಿಂದಕ್ಕೆ ಬೀಸಿದ ನೂಲು ಬೆನ್ನ ಹಿಂದೆ ಪೂರ್ತಿಯಾಗಿ ನೀಳಗೊಳ್ಳುವವರೆಗೆ ತಾಳಿ, ಆ ತೂಕದಿಂದ ಕೋಲು ಬಿಲ್ಲಿನಂತೆ ಬಾಗಿದಾಗ ಮುಂದಕ್ಕೆ ತಂದು ತಟ್ಟನೆ ನಿಲ್ಲಿಸಿದರೆ, ನೂಲು ಒಂದು ಕಿರಿದಾದ ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತ ಹೋಗಿ, ಕೊನೆಯ ಒಂಬತ್ತು ಅಡಿಯ ಪಾರದರ್ಶಕವಾದ ಎಳೆಯನ್ನೂ ಅದರ ತುದಿಯ ನೊಣವನ್ನೂ ನೀರಿನ ಮೇಲೆ ಇಡುತ್ತದೆ. ಇಷ್ಟು ನನಗೆ ಬರುತ್ತಿದ್ದಿತು; ಇದಿಷ್ಟು ಬಂದರೆ ಎಲ್ಲವೂ ಬಂದಂತೆ ಎಂದು ನಾನು ತಿಳಿದಿದ್ದೆನು. ಆದರೆ ನೊಣವನ್ನು ಅಲ್ಲಿಗೆ ಹೊತ್ತೊಯ್ದ ತೂಕವೇ, ನೂಲು ನೀರಿಗೆ ಬಿದ್ದ ಮರುಕ್ಷಣದಲ್ಲಿ ಅದಕ್ಕೆ ವೈರಿಯಾಗುತ್ತದೆ. ನನಗೂ ಮೀನಿಗೂ ನಡುವೆ ಇರುವ ವೇಗದ ಧಾರೆ ಆ ದಪ್ಪ ನೂಲನ್ನು ಹಿಡಿದುಕೊಂಡು ಕೆಳಕ್ಕೆ ಓಡುತ್ತದೆ. ಆಚೆಯ ನಿಧಾನದ ನೀರಿನಲ್ಲಿ ತೇಲಬೇಕಾದ ನೊಣವು ಎಳೆಯಲ್ಪಟ್ಟು, ಹಿಂದೆ ಒಂದು ಸಣ್ಣ ಗೀರನ್ನು ಬಿಡುತ್ತ ಓರೆಯಾಗಿ ಜಾರುತ್ತದೆ. ಯಾವ ಕೀಟವೂ ಹಾಗೆ ನಡೆಯದೆಂದು ಮೀನಿಗೆ ಗೊತ್ತು. ನನ್ನ ಹತ್ತು ವರ್ಷಗಳ ಬರಿಗೈಗೆ ಕಾರಣ ಎಸೆತದಲ್ಲಿರಲಿಲ್ಲ, ಎಸೆದ ಮೇಲಿನ ಎರಡು ಕ್ಷಣಗಳಲ್ಲಿದ್ದಿತು.

ಇದಕ್ಕೆ ಮೆಂಡ್ ಎಂಬ ಉಪಾಯವಿದೆ; ಹರಿದದ್ದನ್ನು ಸರಿಪಡಿಸುವುದೆಂದು ಆ ಆಂಗ್ಲಶಬ್ದದ ಅರ್ಥ. ನೂಲು ನೀರನ್ನು ಮುಟ್ಟಿದ ಒಡನೆಯೇ, ಧಾರೆ ಅದನ್ನು ಹಿಡಿಯುವ ಮೊದಲು, ಕೋಲಿನ ತುದಿಯಿಂದ ಒಂದು ಅರೆವೃತ್ತವನ್ನು ಬರೆದು, ನೂಲಿನ ನಡುಭಾಗವನ್ನು ಮಾತ್ರ ಎತ್ತಿ ಹರಿವಿನ ಮೇಲುದಿಕ್ಕಿಗೆ ಮಡಿಸಿಡಬೇಕು, ನೊಣವಾದರೋ ಅಲ್ಲಾಡಕೂಡದು. ಆ ಮಡಿಕೆಯನ್ನು ಹೊಳೆ ನೇರಮಾಡಿಕೊಳ್ಳುವಷ್ಟು ಹೊತ್ತು ನೊಣಕ್ಕೆ ಸ್ವಾತಂತ್ರ್ಯ. ನಾನು ಮೊದಲ ದಿನದ ಮಧ್ಯಾಹ್ನವೆಲ್ಲ ಇದೊಂದನ್ನೇ ಮಾಡಿದೆನು. ಮೊದಲು ನೊಣವೂ ಎದ್ದು ಬರುತ್ತಿದ್ದಿತು. ಆಮೇಲೆ ಮಡಿಕೆ ಚಿಕ್ಕದಾಯಿತು. ಸಂಜೆಯ ಹೊತ್ತಿಗೆ ಹತ್ತರಲ್ಲಿ ನಾಲ್ಕು ಸಲ ನೊಣವು ಸುತ್ತಲಿನ ನೊರೆಗುಳ್ಳೆಗಳ ಜೊತೆಯಲ್ಲಿ, ಅವುಗಳಲ್ಲೊಂದಾಗಿ, ಮೂರು ಮಾರು ದೂರ ತೇಲಿ ಹೋಯಿತು. ಬೆನ್ನ ಹಿಂದೆ ಮರಗಳು ಒತ್ತಾಗಿದ್ದಲ್ಲಿ ನೂಲನ್ನು ಹಿಂದಕ್ಕೆ ಬೀಸದೆಯೇ, ನೀರಿನ ಅಂಟನ್ನೇ ಆಧಾರವಾಗಿಟ್ಟುಕೊಂಡು ಚಕ್ರದಂತೆ ಉರುಳಿಸಿ ಮುಂದಕ್ಕೆ ಹಾಕುವ ರೋಲ್ ಕಾಸ್ಟ್ ಎಂಬ ವಿಧಾನವನ್ನೂ ಅಂದೇ ಕಲಿತೆನು. ಅದು ಸುಲಭವಾಗಿಯೇ ಕೈಗೆ ಬಂದಿತು.

ಎರಡನೆಯ ದಿನ ಅವನು ನನ್ನ ಕೋಲನ್ನು ಚೀಲಕ್ಕೆ ಹಾಕಿ, ಹತ್ತು ಅಡಿ ಉದ್ದದ, ತುದಿ ಬಹು ಮೃದುವಾದ ಮತ್ತೊಂದು ಕೋಲನ್ನು ಕೊಟ್ಟನು. ಅದರಲ್ಲಿ ದಪ್ಪ ನೂಲು ತಿರುಗಣೆಯಿಂದ ಹೊರಕ್ಕೇ ಬರುವಂತಿಲ್ಲ. ತುದಿಯಿಂದ ಇಳಿಬಿದ್ದಿದ್ದುದು ಕೂದಲಿನಂತಹ ನೈಲಾನ್ ಎಳೆ, ಅದರ ನಡುವೆ ಗೇಣುದ್ದದ ಕಿತ್ತಳೆ ಬಣ್ಣದ ತುಂಡು, ಕೊನೆಯಲ್ಲಿ ಟಂಗ್‌ಸ್ಟನ್ ಮಣಿಯ ತಲೆಯುಳ್ಳ ಒಂದು ಕಂದುಬಣ್ಣದ ಕೃತಕ ಮರಿಹುಳು, ಅಂದರೆ ನಿಂಫ್. ನೀರಿನೊಳಗೆ ಮುಳುಗಿಸಿ ಮರಿಹುಳುವಿನಂತೆ ನಡೆಸುವ ಕಲ್ಪನೆ ಹಳೆಯದು. ಇಂಗ್ಲೆಂಡಿನಲ್ಲಿ ಸ್ಕ್ಯೂಸ್ ಎಂಬ ವಕೀಲನು ೧೯೧೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಪ್ರತಿಪಾದಿಸಿದಾಗ, ತೇಲುವ ನೊಣವೊಂದೇ ಸಭ್ಯರಿಗೆ ಯೋಗ್ಯವೆಂದು ಹಠ ಹಿಡಿದವರು ಅವನನ್ನು ದಶಕಗಳವರೆಗೆ ವಿರೋಧಿಸಿದರು. ೧೯೩೮ರಲ್ಲಿ ಲಂಡನ್ನಿನಲ್ಲಿ ಈ ಬಗ್ಗೆ ಒಂದು ವಾದಸಭೆಯೇ ನಡೆಯಿತು. ಏವನ್ ನದಿಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರನು ದಾರಕ್ಕೆ ಬದಲಾಗಿ ಸಪೂರವಾದ ತಾಮ್ರದ ತಂತಿಯಿಂದ ಫೆಸೆಂಟ್ ಹಕ್ಕಿಯ ಬಾಲದ ಎಳೆಗಳನ್ನು ಸುತ್ತಿ ಕಟ್ಟಿದ ನಿಂಫ್ ಇಂದಿಗೂ ಜಗತ್ತಿನ ಎಲ್ಲ ಟ್ರೌಟ್ ಹೊಳೆಗಳಲ್ಲಿ ನಡೆಯುತ್ತಿದೆ. ನನ್ನ ನೂಲಿನ ತುದಿಯಲ್ಲಿದ್ದುದೂ ಅದರ ಸಂತತಿಯೇ. ಆದರೆ ದಪ್ಪ ನೂಲನ್ನು ನೀರಿಗೆ ಮುಟ್ಟಿಸದೆಯೇ ಕೋಲಿನ ತುದಿಗೂ ನಿಂಫಿಗೂ ನಡುವೆ ಎಳೆಯನ್ನು ಬಿಗಿಯಾಗಿರಿಸಿ ನಡೆಸುವ ಈ ಪದ್ಧತಿ ಪ್ರಸಿದ್ಧಿಗೆ ಬಂದದ್ದು ಈಚೆಗೆ, ೧೯೮೦ರ ದಶಕದ ಸ್ಪರ್ಧೆಗಳಲ್ಲಿ, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ದೇಶದವರ ಕೈಯಿಂದ.

“ಮೇಲಿನ ನೀರು ಓಡುತ್ತದೆ, ತಳದ ನೀರು ನಡೆಯುತ್ತದೆ” ಎಂದು ಅವನು ಹೇಳಿದನು. ಇಡಿಯ ಪದ್ಧತಿ ಈ ಒಂದು ವಾಕ್ಯದಲ್ಲಿದೆ. ತಳದ ಕಲ್ಲುಗಳ ಘರ್ಷಣೆಯಿಂದ ಅಲ್ಲಿನ ನೀರು ಮೇಲ್ಮೈಗಿಂತ ಎಷ್ಟೋ ನಿಧಾನವಾಗಿ ಹರಿಯುತ್ತದೆ. ಕಲ್ಲಿನಿಂದ ಕಳಚಿದ ಮರಿಹುಳು ಆ ನಿಧಾನದ ಪದರದಲ್ಲಿ ಸಾಗುತ್ತದೆ. ಮೀನು ಕಾಯುವುದೂ ಅಲ್ಲಿಯೇ. ಆದುದರಿಂದ ಕಿತ್ತಳೆಯ ತುಂಡು ಪಕ್ಕದ ನೊರೆಗುಳ್ಳೆಗಳಿಗಿಂತ ಹಿಂದೆ ಬೀಳಬೇಕು. ಸಮಸಮವಾಗಿ ಹೋದರೆ ನಿಂಫ್ ಇನ್ನೂ ತಳವನ್ನು ಮುಟ್ಟಿಲ್ಲ, ಪೂರ್ತಿ ನಿಂತರೆ ಕಲ್ಲಿಗೆ ಸಿಕ್ಕಿದೆ. ಕೋಲಿನ ತುದಿ ಅದನ್ನು ಎಳೆಯಬಾರದು, ಸಡಿಲವನ್ನೂ ಬಿಡಬಾರದು. ನಡೆಯಲು ಕಲಿಯುವ ಮಗುವಿನ ಹಿಂದೆ ತಾಯಿ ಕೈಚಾಚಿ, ಮುಟ್ಟದೆ, ಬಿಡದೆ ಹೋಗುವಂತೆ ಹೋಗಬೇಕು. ಆ ತೊಡರನ್ನು ಅನುಭವಿಸಿದವನಿಗೇ ಗೊತ್ತು, ಹಿಡಿದೂ ಹಿಡಿಯದಂತಿರುವುದಕ್ಕೆ ತೋಳಿನಲ್ಲಿ ಎಷ್ಟು ಶಿಕ್ಷಣ ಬೇಕೆಂದು. ನಾನು ಎರಡು ಗಂಟೆ ಹಾಗೆ ನಡೆಸಿದೆನು. ನೀರಿನ ಶಬ್ದ ಕೇಳುವುದು ನಿಂತುಹೋಗಿ, ಕಿತ್ತಳೆಯ ಒಂದು ಗೆರೆಯ ಹೊರತು ಜಗತ್ತಿನಲ್ಲಿ ಬೇರೇನೂ ಇಲ್ಲದ ಸ್ಥಿತಿ ಅದು.

ಹನ್ನೊಂದು ಗಂಟೆಯ ಸುಮಾರಿಗೆ ಆ ಗೆರೆ ನಿಂತಿತು. ನಿಂತಿತು ಎನ್ನುವುದೂ ಹೆಚ್ಚಾಯಿತು; ಮಾತಿನ ನಡುವೆ ಒಬ್ಬರು ಉಸಿರೆಳೆದುಕೊಂಡಷ್ಟು ಮಾತ್ರ ತಡವರಿಸಿತು. “ಎತ್ತಿ” ಎಂದು ಅವನು ಹೇಳುವುದಕ್ಕೆ ಮೊದಲೇ ಮಣಿಕಟ್ಟು ಎತ್ತಿದ್ದಿತು; ಕೋಲು ಬಾಗಿತು; ತಳದಲ್ಲಿ ಒಂದು ಹೊಂಬಣ್ಣದ ಹೊಳಪು ಹೊರಳಿ ಧಾರೆಯ ನಡುವಿಗೆ ಓಡಿತು. ಓಡುವಾಗ ನೂಲನ್ನು ಬಿಡುವುದು, ನಿಂತಾಗ ತೆಗೆದುಕೊಳ್ಳುವುದು, ಕೋಲನ್ನು ಓರೆಯಾಗಿ ಹಿಡಿದು ಮೀನನ್ನು ಹರಿವಿಗೆ ಅಡ್ಡವಾಗಿ ತಿರುಗಿಸುವುದು, ಇವೆಲ್ಲ ಆ ಎರಡು ನಿಮಿಷಗಳಲ್ಲಿ ನಡೆದುಹೋದವು. ಅಡಿಯುದ್ದದ ಕಂದು ಟ್ರೌಟ್ ಅದು: ಬೆಣ್ಣೆಯ ಬಣ್ಣದ ಹೊಟ್ಟೆ, ಮಾಗಿದ ಆಲಿವ್ ಕಾಯಿಯಂತಹ ಬೆನ್ನು, ಮೈಮೇಲೆ ಕಪ್ಪು ಚುಕ್ಕೆಗಳ ನಡುವೆ ಬಿಳಿಯ ಪ್ರಭೆಯೊಳಗೆ ಇಟ್ಟ ಕುಂಕುಮದಂತಹ ಕೆಂಪು ಬೊಟ್ಟುಗಳು. ನನ್ನ ಆಯುಸ್ಸಿನಲ್ಲಿ ಅಷ್ಟು ಪರಿಪೂರ್ಣವಾದ ಪ್ರಾಣಿಯನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ.

ಮಾರ್ಗದರ್ಶಕನು ಕೈಗಳನ್ನು ಮೊದಲೇ ತೋಯಿಸಿಕೊಂಡಿದ್ದನು. ಒಣಗೈ ಮುಟ್ಟಿದರೆ ಮೀನಿನ ಮೈಯ ಲೋಳೆ ಕಳಚಿ ರೋಗಕ್ಕೆ ದಾರಿಯಾಗುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿ ನಯಮಾಡಿದ್ದುದರಿಂದ ಅದು ತುಟಿಯಿಂದ ಸುಲಭವಾಗಿ ಜಾರಿತು. “ಅದನ್ನು ನೀರಿನಿಂದ ಎತ್ತುವಾಗ ನಿಮ್ಮ ಉಸಿರನ್ನು ಹಿಡಿಯಿರಿ; ನಿಮಗೆ ಸಾಕೆನಿಸುವುದಕ್ಕೆ ಮೊದಲೇ ಅದಕ್ಕೆ ಸಾಕಾಗಿರುತ್ತದೆ” ಎಂದನು. ನಾನು ಎತ್ತಲಿಲ್ಲ. ಹೊಟ್ಟೆಯ ಅಡಿಯಲ್ಲಿ ಅಂಗೈಯಿಟ್ಟು, ಮೂಗನ್ನು ಹರಿವಿಗೆ ಎದುರಾಗಿ ತಿರುಗಿಸಿ ಹಿಡಿದೆನು, ಕಿವಿರುಗಳು ಆರೇಳು ಸಲ ತೆರೆದು ಮುಚ್ಚಿದವು, ಬಾಲ ಒಮ್ಮೆ ಅತ್ತಿತ್ತ ಅಲುಗಿತು, ಅಂಗೈ ಬರಿದಾಯಿತು.

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ತಿನ್ನದವನು ಹಿಡಿದು ಬಿಡುವುದರಲ್ಲಿ ನ್ಯಾಯವೇನು ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ಗಂಭೀರವಾದುದು. ಮೀನಿಗೆ ನೋವಿಲ್ಲವೆಂದು ಹೇಳಿ ನನ್ನನ್ನು ನಾನು ಸಮಾಧಾನಪಡಿಸಿಕೊಳ್ಳಲಾರೆನು. ಶೃಂಗೇರಿಯ ಸೋಪಾನದ ಮೇಲೆ ಮಂಡಕ್ಕಿ ಎರಚುವವನ ಪ್ರೀತಿ ನನ್ನದಕ್ಕಿಂತ ನಿರ್ಮಲವೆಂಬುದನ್ನು ಒಪ್ಪುತ್ತೇನೆ. ಆದರೆ ಒಂದು ಹೊಳೆಯ ತಳದ ನೀರು ಯಾವ ವೇಗದಲ್ಲಿ ನಡೆಯುತ್ತದೆ, ಯಾವ ಕಲ್ಲಿನ ಅಡಿಯಲ್ಲಿ ಯಾವ ಹುಳು ಇದೆ, ಅದು ಸತ್ತರೆ ಮತ್ತಾವುದು ಸಾಯುತ್ತದೆ ಎಂಬುದು ನನಗೆ ತಿಳಿದದ್ದು ಈ ನೂಲಿನಿಂದ. ತಿಳಿದ ಮೇಲೆ ಆ ಹೊಳೆಗೆ ಕೇಡಾಗುವುದನ್ನು ಸುಮ್ಮನೆ ನೋಡಿಕೊಂಡಿರಲು ನನ್ನಿಂದಾಗದು. ದಿನಕ್ಕೆ ಮೂರು ಮೀನಾದೊಡನೆ ಕೋಲನ್ನು ಮಡಿಸತಕ್ಕದ್ದೆಂದು ಅಂದು ನನಗೆ ನಾನೇ ವಿಧಿಸಿಕೊಂಡ ನಿಯಮವನ್ನು ಈವರೆಗೆ ಮೀರಿಲ್ಲ.

ಮೂರನೆಯ ದಿನ ಅವನು ನನ್ನಿಂದ ಹಿಂದೆ, ದೂರದಲ್ಲಿ ಕುಳಿತು ಏನನ್ನೂ ಹೇಳಲಿಲ್ಲ. ನಿಂಫ್ ಮೀನಿನ ಮುಂದೆ ಬಂದಿತೆಂದು ಊಹಿಸಿದ ಕ್ಷಣದಲ್ಲಿ ಕೋಲಿನ ತುದಿಯನ್ನು ಎರಡು ಬೆರಳಿನಷ್ಟು ಎತ್ತಿ, ಮರಿಹುಳು ಮೇಲ್ಮೈಗೆ ಏಳತೊಡಗಿತೆಂಬ ಭ್ರಾಂತಿಯನ್ನು ಹುಟ್ಟಿಸುವ ಸಾಯರನ ಉಪಾಯವನ್ನು ಮಾಡಿನೋಡಿದೆನು. ಎರಡು ಸಲ ಫಲಿಸಿತು. ಸಂಜೆ, ಬೆಳಕು ತಾಮ್ರವರ್ಣಕ್ಕೆ ತಿರುಗಿದಾಗ, ನೀರಿನ ಮೇಲೆ ಮೇಫ್ಲೈಗಳು ಎದ್ದವು. ನಾನು ಹಳೆಯ ಕೋಲನ್ನು ತೆಗೆದು, ತೇಲುವ ನೊಣವನ್ನು ಕಟ್ಟಿ, ಬಾಗಿ ನಿಂತು, ಬಂಡೆಯ ಆಚೆಯ ಹೊಲಿಗೆಯ ಗೆರೆಯ ಮೇಲೆ ನೂಲನ್ನು ಹಾಕಿ ಒಂದು ಮೆಂಡ್ ಮಾಡಿದೆನು. ಒಂದು ಮೂಗು ಎದ್ದು, ನೊಣವನ್ನು ನುಂಗಿ, ಮುಳುಗಿತು.

ನವೆಂಬರ್ ೧ರಿಂದ ಫೆಬ್ರವರಿಯ ಕೊನೆಯವರೆಗೆ ಆ ಹೊಳೆಗೆ ಗಾಳ ಒಯ್ಯುವುದು ನಿಷಿದ್ಧ. ಆಗ ಟ್ರೌಟ್‌ಗಳು ತಳದ ಸಣ್ಣಕಲ್ಲುಗಳನ್ನು ಬಾಲದಿಂದ ತೋಡಿ ಮೊಟ್ಟೆಯಿಡುತ್ತವೆ. ಹೋಗಬೇಕೆನ್ನುವವರು ಮಾರ್ಚಿಯಲ್ಲಿಯೋ, ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆಯೋ ಹೋಗಲಿ. ಕೋಲನ್ನು ಬಿಚ್ಚುವುದಕ್ಕೆ ಮೊದಲು ಒಂದು ಕಲ್ಲನ್ನೆತ್ತಿ ನೋಡಲಿ. ನೋಡಿದ ಮೇಲೆ ಅದೇ ಕುಳಿಯಲ್ಲಿ, ಅದೇ ಮಗ್ಗುಲಾಗಿ ಇಡಲಿ.